ಐದು ಗಂಟೆಯ ಬೀಗ

ಗಾರ್ಮೆಂಟ್ಸ್ ಕಾರ್ಖಾನೆಯ ಶಿಶುಪಾಲನಾ ಕೊಠಡಿಗೆ ಪುಟ್ಟಗೌರಮ್ಮನವರೇ ಆಯಾ. ಹೆತ್ತ ತಾಯಿಯೇ ಬಂದರೂ ಪುಸ್ತಕದಲ್ಲಿ ಸಹಿ ಹಾಕದೆ ಮಗುವನ್ನು ಒಯ್ಯುವಂತಿರಲಿಲ್ಲ.

ಹೊಸ ಮ್ಯಾನೇಜರ್ ಬಂದವರೇ ಹೇಳಿದರು: "ಇವತ್ತಿಂದ ಐದಕ್ಕೇ ಕೊಠಡಿಗೆ ಬೀಗ. ಆದರೆ ಹೆಂಗಸರು ಆರೂವರೆವರೆಗೆ ಹೊಲೀಬೇಕು. ಆಗದವರು ಕೆಲಸ ಬಿಡಲಿ."

"ಮಕ್ಕಳು, ಸಾರ್?"

"ಅದು ನಿನ್ನ ತಲೆನೋವು."

"ಆಗಲಿ ಸಾರ್."

ಐದಕ್ಕೆ ಸರಿಯಾಗಿ ಬೀಗ ಬಿತ್ತು. ಪುಟ್ಟಗೌರಮ್ಮ ಹನ್ನೊಂದು ಮಕ್ಕಳನ್ನೂ ಮ್ಯಾನೇಜರರ ಕೋಣೆಗೆ ಕರೆತಂದರು. ಎಲ್ಲಕ್ಕಿಂತ ಚಿಕ್ಕದನ್ನು ಅವರ ತೊಡೆಯ ಮೇಲೆ ಕೂರಿಸಿ ಪುಸ್ತಕ ಮುಂದಿಟ್ಟರು.

"ತಾಯಂದಿರು ನಿಮ್ಮ ಅಪ್ಪಣೆ ಮೇಲೆ ಮಿಷನ್ ಬಿಟ್ಟು ಏಳೋಹಾಗಿಲ್ಲ. ಆರೂವರೆವರೆಗೆ ನೀವೇ ಸಹಿ ಮಾಡಿ ತಗೊಳ್ಳಿ, ಸಾರ್."

ಒಂದು ಮಗು ಫೋನು ಎಳೆಯಿತು. ಇನ್ನೊಂದು ಮೇಜಿನಡಿ ನುಸುಳಿ ಅವರ ಶೂ ದಾರ ಬಿಚ್ಚಿತು.

"ಬೀಗದ ಕೈ ಎಲ್ಲಿದೆಯಮ್ಮ?"

"ಸೆರಗಿನ ಗಂಟಲ್ಲಿದೆ. ಕೊಠಡಿ ಆರೂವರೆವರೆಗೆ ಅಂತ ಬರೆದುಕೊಡಿ, ಬಿಚ್ತೀನಿ."

ಮ್ಯಾನೇಜರ್ ತೊಡೆ ಮೇಲಿನ ಮಗುವಿನ ಬಾಯಿಂದ ತಮ್ಮ ಪೆನ್ನು ಬಿಡಿಸಿಕೊಂಡು, ಬರೆದು ಸಹಿ ಹಾಕಿದರು.