ಸಂತೆಯ ನಡುವೆ ನಡೆದ ಕಮ್ಮಾರ

“ಗುರುಗಳೇ, ಹೆಮ್ಮೆ ಎಂಬುದೆಲ್ಲ ಬಿಡಬೇಕಾದದ್ದೇ?” ಎಂದು ಶಿಷ್ಯೆ ಕೇಳಿದಳು.

ಗುರುಗಳು ಹೇಳಿದರು:

ಒಬ್ಬ ಕಮ್ಮಾರನಿದ್ದ. ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಮದುವೆಯಾಗಿ ಬಹಳ ಕಾಲದ ಮೇಲೆ ಅವನಿಗೊಂದು ಹೆಣ್ಣುಮಗು ಹುಟ್ಟಿತು. ಹುಟ್ಟಿದ ಮರುದಿನ, ಮಗು ಜೋರಾಗಿ ಅತ್ತಾಗ, ಅದರ ಗರ್ಭಕೋಶ ಜಾರಿ ಕೆಂಪಗೆ ಹೊರಗೆ ಬಂತು. ಕಮ್ಮಾರನ ತಾಯಿ ಎದ್ದು ಬಾಗಿಲು ಹಾಕಿದಳು.

“ಬಟ್ಟೆ ಸುತ್ತಿ ಮಲಗಿಸೋಣ. ಇದನ್ನೆಲ್ಲ ಬಾಯಿಬಿಟ್ಟು ಹೇಳುವುದುಂಟೇ? ನಾಳೆ ಇವಳನ್ನು ಯಾರು ಮದುವೆಯಾಗುತ್ತಾರೆ? ನೀನು ಊರಲ್ಲಿ ಹೇಗೆ ತಲೆಯೆತ್ತಿ ಓಡಾಡುತ್ತೀ?” ಎಂದಳು.

ಬಾಣಂತಿ ಮಲಗಿದ್ದಲ್ಲಿಂದಲೇ ಗಂಡನನ್ನು ನೋಡಿದಳು. “ಒಣಗಿದರೆ ಹುಣ್ಣಾಗುತ್ತದೆ. ವೈದ್ಯೆಯ ಹತ್ತಿರ ಎತ್ತಿಕೊಂಡು ಹೋಗಿ,” ಎಂದಳು.

ಅವನು ಒದ್ದೆ ಬಟ್ಟೆ ಇಟ್ಟು ಮಗುವನ್ನು ಎತ್ತಿಕೊಂಡ. ವೈದ್ಯೆಯ ಮನೆ ಸಂತೆಯ ಆಚೆಗಿತ್ತು. ಹಿಂದಿನ ಓಣಿ ಹಿಡಿದರೆ ಯಾರೂ ಸಿಗುತ್ತಿರಲಿಲ್ಲ. ಆದರೆ ಅದು ಸುತ್ತು ದಾರಿ. ಅವನು ಸಂತೆಯ ನಡುವೆಯೇ ನಡೆದ. ಜನ ಅಡ್ಡ ಬಂದು ಏನಾಯಿತೆಂದು ಕೇಳಿದರು.

“ನನ್ನ ಮಗಳ ಗರ್ಭಕೋಶ ಜಾರಿದೆ. ಸರಿ ಮಾಡಿಸಲು ಹೋಗುತ್ತಿದ್ದೇನೆ. ದಾರಿ ಬಿಡಿ,” ಎಂದ. ಕೇಳಿಸದವರಿಗೆ ಇನ್ನೂ ಗಟ್ಟಿಯಾಗಿ ಹೇಳಿದ.

ವೈದ್ಯೆ ಬೆರಳ ತುದಿಯಿಂದ ಮೆಲ್ಲಗೆ ಅದನ್ನು ಒಳಗೆ ಸೇರಿಸಿದಳು. ಮಗು ಅತ್ತಿತು, ಮತ್ತೆ ಜಾರಿತು. ಅವಳು ಮತ್ತೆ ಸೇರಿಸಿ, “ಅದು ನಿಲ್ಲುವವರೆಗೆ ತೊಡೆಗಳನ್ನು ಕೂಡಿಸಿ ಹಿಡಿಯಬೇಕು,” ಎಂದಳು.

“ನನ್ನ ಕೈ ಒರಟು.”

“ನಡುಗದಿದ್ದರೆ ಸಾಕು.”

ಕಮ್ಮಾರ ಹಿಡಿದು ಕುಳಿತ. ಮರುದಿನವೂ ಬಂದು ಕುಳಿತ. ಹೀಗೆ ಕೆಲವು ದಿನ ಕಳೆದ ಮೇಲೆ, ಮಗು ಎಷ್ಟು ಅತ್ತರೂ ಗರ್ಭಕೋಶ ಜಾರಲಿಲ್ಲ.

ಆ ಮಗುವಿನ ಬೆನ್ನಿನ ನರ ಹುಟ್ಟಿನಿಂದಲೇ ದುರ್ಬಲವಾಗಿತ್ತು. ಗರ್ಭಕೋಶ ಜಾರಿದ್ದೂ ಅದರಿಂದಲೇ; ಅವಳು ನಡೆದದ್ದೂ ತಡವಾಗಿ, ಸ್ವಲ್ಪ ಕುಂಟುತ್ತಾ. ಅವಳು ನಡೆದ ದಿನ ಕಮ್ಮಾರ ಕುಲುಮೆಯ ಕೆಲಸ ನಿಲ್ಲಿಸಿ, ಎದೆ ಸೆಟೆಸಿಕೊಂಡು ಬೀದಿಯುದ್ದಕ್ಕೂ ಅವಳ ಹಿಂದೆ ನಡೆದ. ಅವನ ತಾಯಿ ಬಾಗಿಲಲ್ಲಿ ನಿಂತು, ಹೋಗಿಬರುವವರನ್ನೆಲ್ಲ ಕರೆದು ತೋರಿಸಿದಳು.

“ಅವತ್ತು ಸಂತೆಯಲ್ಲಿ ಜನ ನಗಲಿಲ್ಲವೇ?” ಎಂದು ಶಿಷ್ಯೆ ಕೇಳಿದಳು.

ಗುರುಗಳು ಹೇಳಿದರು: “ಕೆಲವರು ನಕ್ಕರು. ಆದರೆ ಹೆರಿಗೆಯಾದಾಗಿನಿಂದ ಗರ್ಭಕೋಶ ಜಾರಿದ ಅದೇ ನೋವನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದ ಹೆಂಗಸರು ತಕ್ಕಡಿ ಕೆಳಗಿಟ್ಟು, ಅವನ ಹಿಂದೆಯೇ ವೈದ್ಯೆಯ ಬಾಗಿಲಿಗೆ ಬಂದರು.”