ಉಸ್ತಾದ ಹೊಡೆದ ಮೊಳೆ

"ಗುರುಗಳೇ, ಯೋಗ್ಯನಾದವನನ್ನು ಬೇಕೆಂದೇ ಹೊರಗಿಟ್ಟರೆ ಅವನೇನು ಮಾಡಬೇಕು?" ಎಂದು ಅಡವೀಶ ಕೇಳಿದ.

ಗುರುಗಳು ಕಡಲೆಕಾಯಿ ಸುಲಿಯುತ್ತಿದ್ದರು. "ಯಾರಪ್ಪ ಆ ಯೋಗ್ಯ?" ಎಂದರು.

"ನಾನೇ, ಗುರುಗಳೇ. ಈ ವರ್ಷ ಮಠದಲ್ಲಿ ಒಳ್ಳೆಯ ಮಾತುಗಾರರಿಗೆಲ್ಲ ಶಾಲು ಹೊದಿಸಿದರು. ನನ್ನನ್ನು ಕರೆಯಲೇ ಇಲ್ಲ."

"ಹಿಂದಿನ ವಾದದಲ್ಲಿ ನೀನು ರಾಚಯ್ಯನಿಗೆ ಸೋತೆಯಲ್ಲವೇ?"

"ಅದನ್ನೂ ಸೋಲು ಎನ್ನುವುದೇ? ಆವತ್ತು ನನಗೆ ನೆಗಡಿಯಾಗಿತ್ತು. ರಾಚಯ್ಯನೇನು ಮಹಾ! ಅಲ್ಲಿ ಇಲ್ಲಿ ಕೇಳಿದ್ದನ್ನು ಒಪ್ಪಿಸಿದ, ಅಷ್ಟೆ."

ಗುರುಗಳು ಒಂದು ಹಿಡಿ ಕಾಯಿಯನ್ನು ಅವನ ಕಡೆಗೂ ತಳ್ಳಿದರು. "ಸುಲಿಯುತ್ತಾ ಕೇಳು" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಅವನ ಅಂಗಡಿಯ ಎದುರಿಗೇ ಗರಡಿಮನೆ. ಪೈಲ್ವಾನರು ಮೈಗೆ ತಿಕ್ಕಿಕೊಳ್ಳುವ ಎಣ್ಣೆಯೆಲ್ಲ ಅವನ ಅಂಗಡಿಯದೇ. ಗರಡಿಯ ಒಳಗೋಡೆಯ ಮೇಲೆ ಹೆಸರಾಂತ ಪೈಲ್ವಾನರ ಪಟಗಳನ್ನು ತೂಗುಹಾಕಿದ್ದರು. ಆ ಗೋಡೆ ಏರುವುದೆಂದರೆ ಸಾಮಾನ್ಯವಲ್ಲ. ಸುತ್ತಲಿನ ಊರುಗಳ ಯಾವ ಕುಸ್ತಿಯವನನ್ನು ಕೇಳಿದರೂ, ಬೆಳ್ಳಿ ಗದೆ ಬೇಡ, ಆ ಗೋಡೆಯ ಮೇಲೆ ನನ್ನ ಹೆಸರಿಗೊಂದು ಮೊಳೆ ಬಿದ್ದರೆ ಸಾಕು ಎನ್ನುತ್ತಿದ್ದ.

ಆ ಮೊಳೆಗೆ ಒಂದು ಕಟ್ಟಳೆ ಇತ್ತು. ಯಾರ ಪಟ ಗೋಡೆ ಏರಬೇಕೋ ಅವನ ಕೈಯಲ್ಲಿ ಸೋತವನೇ ಬಂದು ಮೊಳೆ ಹೊಡೆಯಬೇಕು. ಹಾಗೆ ಹೊಡೆಯುವವನ ಪಟವೂ ಅದೇ ಗೋಡೆಯ ಮೇಲಿರಬೇಕು. ವ್ಯಾಪಾರಿಗೆ ಈ ಕಟ್ಟಳೆ ಬಹಳ ಹಿಡಿಸಿತ್ತು. ಎಣ್ಣೆ ಚೆನ್ನಾಗಿದೆ ಎಂದು ಮಾರುವವನು ಹೇಳಿದರೆ ಯಾರು ನಂಬುತ್ತಾರೆ? ಕೊಂಡವನು ಹೇಳಬೇಕು. ಕುಸ್ತಿಯಲ್ಲಿ ಕೊಂಡವನೆಂದರೆ ಪೆಟ್ಟು ತಿಂದವನು. ಇದನ್ನು ಮಾಡಿದವರು ವ್ಯಾಪಾರ ಬಲ್ಲವರೇ ಇರಬೇಕು ಎಂದುಕೊಳ್ಳುತ್ತಿದ್ದ.

ಆದರೆ ಕಟ್ಟಳೆ ಎಷ್ಟು ಒಳ್ಳೆಯದಾದರೂ ಸುತ್ತಿಗೆ ಹಿಡಿಯುವವನು ಮನುಷ್ಯನೇ.

ಆ ಊರಿನಲ್ಲಿ ಒಬ್ಬ ಪೈಲ್ವಾನನಿದ್ದ. ಅವನನ್ನು ಚಿತ್ ಮಾಡಿದವರೇ ಇರಲಿಲ್ಲ. ಗೋಡೆಯ ಮೇಲಿದ್ದವರ ಪೈಕಿ ಅವನಿಗೆ ಸೋತು, ಇನ್ನೂ ಬದುಕಿದ್ದವನು ಒಬ್ಬನೇ. ಅವನು ಗರಡಿಯ ಉಸ್ತಾದ. ಊರಿಗೆ ಊರೇ ನೆರೆದಿದ್ದಾಗ ಉಸ್ತಾದನ ಬೆನ್ನು ಮಣ್ಣಿಗೆ ತಾಗಿತ್ತು. ಅಂದಿನಿಂದ ಪೈಲ್ವಾನನ ಪಟದ ಮಾತು ಬಂದಾಗಲೆಲ್ಲ ಉಸ್ತಾದನಿಗೆ ಸುತ್ತಿಗೆಯೇ ಸಿಗುತ್ತಿರಲಿಲ್ಲ.

ಒಂದು ವರ್ಷ, "ಅವನು ಕಣಕ್ಕಿಳಿಯುವಾಗ ಮಣ್ಣಿಗೆ ಸರಿಯಾಗಿ ಕೈಮುಗಿಯುವುದಿಲ್ಲ" ಎಂದ. ಮರುವರ್ಷ, "ಬೇರೆ ಊರಿಗೆ ಹೋಗಿ ಕುಸ್ತಿ ಆಡಿ ಟಗರು ಗೆದ್ದನಂತೆ. ಗರಡಿಗೆ ಒಂದು ತುಂಡಾದರೂ ಕೊಟ್ಟನೇ?" ಎಂದ. ಅದರ ಮುಂದಿನ ವರ್ಷ ಮಾತು ಪೈಲ್ವಾನನ ಮೀಸೆಯ ಮೇಲೆ ಬಂತು. ಅಷ್ಟರಲ್ಲಿ, ಜ್ವರ ಬಂದು ಮಲಗಿ ಎದ್ದವನೊಬ್ಬನನ್ನು ಕೆಡವಿದವನ ಪಟ ಗೋಡೆ ಏರಿತು. ಉಸ್ತಾದನ ಸೋದರಳಿಯನ ಪಟವೂ ಏರಿತು.

ಪೈಲ್ವಾನನ ಪಟ ಮಾತ್ರ ವ್ಯಾಪಾರಿಯ ಅಂಗಡಿಯಲ್ಲಿ, ಎಣ್ಣೆ ಡಬ್ಬಿಗಳ ಹಿಂದೆ ನಿಂತಿತ್ತು. ಮೊಳೆ ಬಿದ್ದ ದಿನ ಎದುರಿಗೇ ಸಿಗಲಿ ಎಂದು ಪೈಲ್ವಾನನೇ ತಂದಿಟ್ಟಿದ್ದ. ಅವನ ಕಡೆಯವರು ಗರಡಿಯ ಬಾಗಿಲಲ್ಲಿ ನಿಂತು ಅನ್ಯಾಯ ಅನ್ಯಾಯ ಎಂದು ಕೂಗಾಡಿದರು. ಅವರು ಕೂಗಿದಷ್ಟೂ ಉಸ್ತಾದನ ಹಟ ಬಿಗಿಯಾಯಿತು.

ಒಂದು ಬೆಳಿಗ್ಗೆ ಪೈಲ್ವಾನ ಅಂಗಡಿಗೆ ಬಂದ.

"ಶೆಟ್ರೇ, ಪಟ ಕೊಡಿ. ನಾಳಿದ್ದು ಊರು ಬಿಡ್ತೀನಿ. ಮಗಳ ಊರಲ್ಲಿ ಹೊಸ ಗರಡಿ ಹಾಕ್ತಾರಂತೆ, ಬನ್ನಿ ಅಂತ ಕರೀತಿದ್ದಾರೆ. ಇಲ್ಲಿ ನಾನು ಸತ್ತಮೇಲೂ ಆ ಗೋಡೆ ಏರೋದಿಲ್ಲ."

ವ್ಯಾಪಾರಿ ಯೋಚಿಸಿದ. ಇವನು ಹೋದರೆ ಇವನ ಹಿಂದೆ ಅರ್ಧ ಗರಡಿಯೇ ಎದ್ದು ಹೋಗುತ್ತದೆ. ಎಣ್ಣೆಯ ಗಿರಾಕಿಯೂ ಹೋಗುತ್ತದೆ. ಪೈಲ್ವಾನನ ಮೇಲೆ ಸ್ನೇಹವೂ ಇತ್ತು. ಸ್ನೇಹವನ್ನೂ ವ್ಯಾಪಾರವನ್ನೂ ಅವನು ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿಟ್ಟಿರಲಿಲ್ಲ.

"ಇವತ್ತೊಂದು ದಿನ ತಡೀರಿ. ಆಮೇಲೆ ನಾನೇ ಗಾಡಿ ಮಾಡಿ ಕಳಿಸ್ತೀನಿ" ಎಂದ. "ನೀವು ಮಾತ್ರ ಗರಡಿ ಕಡೆ ತಲೆ ಹಾಕಬೇಡಿ. ನಿಮ್ಮ ಕಡೆಯವರ ಬಾಯಿಗೂ ಬೀಗ ಹಾಕಿ."

"ಉಸ್ತಾದರ ಹತ್ರ ಮಾತಾಡ್ತೀರಾ? ನಾನು ಗೆದ್ದ ಕುಸ್ತಿಗಳನ್ನೆಲ್ಲ ಒಂದೂ ಬಿಡದೆ ಹೇಳಬೇಕು ಮತ್ತೆ."

"ನಿಮ್ಮ ಹೆಸರನ್ನೇ ಎತ್ತೋದಿಲ್ಲ."

ಪೈಲ್ವಾನನ ಮುಖ ಬಾಡಿತು. ವ್ಯಾಪಾರಿ ಅದನ್ನು ಗಮನಿಸಲಿಲ್ಲ. ಉಸ್ತಾದ ಕೆಟ್ಟವನಲ್ಲ ಎಂಬುದು ಅವನಿಗೆ ಗೊತ್ತಿತ್ತು. ತನ್ನ ಸರಕಿನ ಬೆಲೆ ಎಲ್ಲಿ ಬಿದ್ದುಹೋಗುತ್ತದೋ ಎಂದು ಹೆದರಿದ್ದಾನೆ. ಹೆದರಿದವನ ಮುಂದೆ ನ್ಯಾಯ ಮಾತಾಡಿ ಪ್ರಯೋಜನವಿಲ್ಲ. ಅವನ ಲಾಭ ಎಲ್ಲಿದೆ ಎಂದು ತೋರಿಸಬೇಕು.

ಡಬ್ಬಿ ಹಿಡಿದು ಗರಡಿಗೆ ಹೋದ. ಉಸ್ತಾದ ತೊಡೆಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ಏನು ಶೆಟ್ರೇ, ಅವನ ಕಡೆ ವಕೀಲಿ ಮಾಡೋಕೆ ಬಂದ್ರಾ?"

"ಛೆ, ಛೆ. ಅವನು ಊರು ಬಿಡ್ತಿದ್ದಾನೆ. ಬಿಡಿ, ಪೀಡೆ ಕಳೀತು. ನಂಗೊಂದು ಅನುಮಾನ, ಉಸ್ತಾದ್ರೇ. ಆವತ್ತು ನಿಮ್ಮನ್ನ ಕೆಡವಿದನಲ್ಲ, ಅವನು ಯಾರು?"

"ಯಾರೂ ಅಲ್ಲ!" ಎಂದ ಉಸ್ತಾದ. "ದಾರೀಲಿ ಹೋಗೋನು. ಅವನೂ ಒಬ್ಬ ಪೈಲ್ವಾನನಾ?"

"ನಾನೂ ಹಾಗೇ ಅಂದ್ಕೊಂಡೆ. ಸಂತೆಗೆ ಹೋದಾಗೆಲ್ಲ ಜನ ಕೇಳ್ತಾರೆ, ನಿಮ್ಮ ಉಸ್ತಾದರ ಬೆನ್ನಿಗೆ ಮಣ್ಣು ಹತ್ತಿಸಿದವನು ಎಂಥಾ ಹುಲಿ ಅಂತ. ಇನ್ಮೇಲೆ ಹೇಳ್ತೀನಿ, ಹುಲಿಯೂ ಅಲ್ಲ ಗಿಲಿಯೂ ಅಲ್ಲ, ನಮ್ಮ ಉಸ್ತಾದರನ್ನ ಕೆಡವಿದವನು ದಾರೀಲಿ ಹೋಗೋನು ಅಂತ."

ತಿಕ್ಕುತ್ತಿದ್ದ ಕೈ ನಿಂತಿತು.

"ನಾನು ಬಿದ್ದದ್ದಲ್ಲ ಶೆಟ್ರೇ, ಜಾರಿದ್ದು. ಆವತ್ತು ಮಣ್ಣಿಗೆ ನೀರು ಹೆಚ್ಚಾಗಿತ್ತು."

"ಊರೆಲ್ಲ ನೋಡಿದೆಯಲ್ಲ, ಉಸ್ತಾದ್ರೇ. ಬಿದ್ದದ್ದು ಬಿದ್ದಾಯ್ತು, ಆ ಸರಕು ವಾಪಸು ಬರೋದಿಲ್ಲ. ಯಾರ ಕೈಲಿ ಬಿದ್ರಿ ಅನ್ನೋದು ಮಾತ್ರ ಇನ್ನೂ ನಿಮ್ಮ ಕೈಲಿದೆ. ಹುಲಿ ಕೈಲಿ ಬಿದ್ರೋ, ದಾರಿಹೋಕನ ಕೈಲಿ ಬಿದ್ರೋ, ನೀವೇ ನೋಡ್ಕೊಳ್ಳಿ. ಡಬ್ಬಿ ಎಲ್ಲಿಡ್ಲಿ?"

ಉಸ್ತಾದ ಗೋಡೆಯ ಮೇಲಿದ್ದ ತನ್ನ ಪಟದ ಕಡೆ ತಿರುಗಿದ.

ಮರುದಿನ ವ್ಯಾಪಾರಿ ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಉಸ್ತಾದ ಬಂದು ನಿಂತಿದ್ದ. ಕೈಯಲ್ಲಿ ಸುತ್ತಿಗೆ ಇತ್ತು. ಡಬ್ಬಿಗಳನ್ನು ಸರಿಸಿ ತಾನೇ ಪಟವನ್ನು ಹೊರಗೆಳೆದ. "ಜಿಡ್ಡು ಹತ್ತಿಸಿ ಇಟ್ಟಿದ್ದೀರಲ್ಲ ಶೆಟ್ರೇ! ಇಂಥಾ ಪೈಲ್ವಾನನ ಪಟ ಇಡೋ ರೀತಿನಾ ಇದು?" ಎಂದು ಗದರಿದ. ಹೆಗಲ ಮೇಲಿನ ಟವೆಲಿನಿಂದ ಒರೆಸಿದ. ಗರಡಿಗೆ ಒಯ್ದು, ತನ್ನ ಪಟದ ಪಕ್ಕದಲ್ಲೇ ಜಾಗ ನೋಡಿ, ಸುತ್ತಿಗೆ ಎತ್ತಿದ. ಜನ ಸೇರಿದರು. ಪೈಲ್ವಾನನೂ ಓಡಿ ಬಂದ. ಉಸ್ತಾದ ಒಂದೊಂದು ಏಟಿಗೂ ಒಂದೊಂದು ಮಾತು ಹೇಳಿದ.

"ಇವನಂಥವನು ಈ ಸೀಮೆಯಲ್ಲೇ ಹುಟ್ಟಿಲ್ಲ. ನನ್ನನ್ನೇ ಕೆಡವಿದವನು ಇವನು! ಬೆಳಿಗ್ಗೆ ಹಿಡಿದ ಪಟ್ಟು, ಸೂರ್ಯ ನೆತ್ತಿಗೆ ಬರೋವರೆಗೂ ನಾನು ಬಿಡಲಿಲ್ಲ. ಆಮೇಲೇ ಬಿದ್ದದ್ದು."

ಪೈಲ್ವಾನ ವ್ಯಾಪಾರಿಯ ಕಿವಿಗೆ ಬಾಗಿದ. "ಶೆಟ್ರೇ, ಎಲ್ಲಾ ಸುಳ್ಳು! ಇವರು ಲಂಗೋಟಿ ಬಿಗಿ ಮಾಡ್ಕೊಳ್ಳೋದ್ರೊಳಗೆ ಮುಗಿದುಹೋಗಿತ್ತು."

ವ್ಯಾಪಾರಿ ಅವನ ಕಾಲು ತುಳಿದ. "ಮೊಳೆ ಇನ್ನೂ ಪೂರ್ತಿ ಇಳಿದಿಲ್ಲ. ಸುಮ್ಮನಿರಿ."

ಪೈಲ್ವಾನ ಊರು ಬಿಡಲಿಲ್ಲ. ವರ್ಷ ಕಳೆದಂತೆ ಉಸ್ತಾದನ ಬಾಯಲ್ಲಿ ಆ ಕುಸ್ತಿ ಉದ್ದವಾಗುತ್ತಾ ಹೋಯಿತು. ವ್ಯಾಪಾರಿಯ ಎಣ್ಣೆಯೂ ಚೆನ್ನಾಗಿ ಖರ್ಚಾಗುತ್ತಾ ಹೋಯಿತು.

ಕತೆ ಮುಗಿದಾಗ ಅಡವೀಶ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಎಂಥ ಉಸ್ತಾದ, ಗುರುಗಳೇ! ತನ್ನ ಜಂಬಕ್ಕೆ ಮೊಳೆ ಹೊಡೆದನೇ ಹೊರತು ನ್ಯಾಯಕ್ಕಲ್ಲ."

"ಗೋಡೆಗೆ ಅದೆಲ್ಲ ಗೊತ್ತಾಗುವುದಿಲ್ಲ" ಎಂದರು ಗುರುಗಳು. "ಪಟ ನಿಂತಿತಲ್ಲ."

"ಹಾಗಾದರೆ ನನಗೂ ಅಂಥ ವ್ಯಾಪಾರಿಯೊಬ್ಬ ಬೇಕು. ಶಾಲು ಹೊದಿಸುವವರ ಹತ್ತಿರ ಹೋಗಿ ಮಾತಾಡುವವನು" ಎಂದು ಅಡವೀಶ ಮತ್ತೆ ಕಾಯಿ ಸುಲಿಯತೊಡಗಿದ.

ಗುರುಗಳು ಸಿಪ್ಪೆಯನ್ನೆಲ್ಲ ಒಟ್ಟುಮಾಡಿ ಮೊರಕ್ಕೆ ಹಾಕಿದರು.

"ಅದಿರಲಿ, ಅಡವೀಶ. ಆವತ್ತು ನಿನ್ನನ್ನು ಸೋಲಿಸಿದನಲ್ಲ, ಅವನು ಯಾರು?"

ಸುಲಿಯುತ್ತಿದ್ದ ಕೈ ನಿಂತಿತು.