ದಸ್ತಗೀರಜ್ಜನ ಬಿಡುವಿಲ್ಲದ ಸೈಕಲ್

ಬಹಳ ಹಿಂದೆ, ಗುಡ್ಡದ ನೆತ್ತಿಯ ಮೇಲೆ ಒಂದು ಊರಿತ್ತಂತೆ. ಅಲ್ಲಿ ದಸ್ತಗೀರಜ್ಜ ಎಂಬ ಬಳೆಗಾರನಿದ್ದನಂತೆ. ಅವನಿಗೊಂದು ಸೈಕಲ್. ಎಂಥ ಸೈಕಲ್? ಗಾಲಿ ತಿರುಗಿದಷ್ಟೂ ಪೆಡಲು ತಿರುಗುವ ಸೈಕಲ್. ಇಳಿಜಾರಿನಲ್ಲೂ ಕಾಲಿಗೆ ಬಿಡುವಿಲ್ಲ. ಬ್ರೇಕಂತೂ ಇಲ್ಲವೇ ಇಲ್ಲ, ಕಾಲು ಬಿಗಿಹಿಡಿದರೆ ಅದೇ ಬ್ರೇಕು. ಮನೆ ದಾಟಿದ ಮೇಲೆ ಯಾರಾದರೂ ಕರೆದರೆ, ಇಳಿಯದೆ, ಹೊರಳದೆ, ಹಾಗೇ ಹಿಂದಕ್ಕೆ ತುಳಿದು ಬಾಗಿಲಿಗೆ ಬರುತ್ತಿದ್ದನಂತೆ. ಇದು ನಮ್ಮಜ್ಜಿ ಹೇಳಿದ್ದು. ನಮ್ಮಜ್ಜಿ ಸುಳ್ಳು ಹೇಳುತ್ತಿದ್ದಳು, ಆದರೆ ಬಳೆಯ ವಿಷಯದಲ್ಲಿ ಹೇಳುತ್ತಿರಲಿಲ್ಲ.

ಊರವರ ಸೈಕಲ್ಲುಗಳು ದಿನಾ ರಿಪೇರಿ ಅಂಗಡಿಯಲ್ಲಿ. ಅಜ್ಜನದು ಒಂದು ಸಲವೂ ಹೋಗಲಿಲ್ಲವಂತೆ. ಕೆಡಲು ಅದರಲ್ಲಿ ಇದ್ದದ್ದಾದರೂ ಏನು? ಅವನು ಗುಡ್ಡ ಇಳಿಯುವಾಗ ಕಾಲಿನ ಲಯಕ್ಕೆ ಹಿಂದೆ ಎರಡೂ ಕಡೆ ಕಟ್ಟಿದ ಬಳೆಗಳು ಝಣ್ ಝಣ್ ಎನ್ನುತ್ತಿದ್ದವಂತೆ. ಆ ಸದ್ದು ಕೇಳಿದರೆ ಕೆಳಗಿನ ಊರಿನ ಹೆಂಗಸರು ಹಿಟ್ಟಿನ ಕೈ ತೊಳೆದುಕೊಂಡು ಹೊರಗೆ ಬರುತ್ತಿದ್ದರಂತೆ.

ಆ ಕೆಳಗಿನ ಊರಿನಲ್ಲಿ ಕಾಶವ್ವ ಎಂಬ ಹುಡುಗಿ. ತಾಯಿಯಿಲ್ಲ, ತಂದೆಯಿಲ್ಲ. ಅವಳು ಸಣ್ಣವಳಿದ್ದಾಗಲೇ ಅಜ್ಜ, "ನಿನ್ನ ಮದುವೀಗೆ ತವರಿನ ಹಸಿರು ಬಳಿ ನಾನ ತರ್ತೀನಿ ಮಗಳ" ಎಂದು ಮಾತು ಕೊಟ್ಟಿದ್ದನಂತೆ. ಕೊನೆಗೊಮ್ಮೆ ಆ ಮದುವೆಯೂ ಬಂತು.

ಮೇಲಿನ ಊರಿನ ಗಂಡಸರಿಗೆ ಅಜ್ಜನ ಮೇಲೆ ಪ್ರೀತಿ ಉಕ್ಕಿತಂತೆ. ಮುದುಕ ಎಷ್ಟೂಂತ ತುಳಿದಾನು? ಎಲ್ಲರೂ ಸೇರಿ ಹಳೆಯ ಗಾಲಿ ಬಿಚ್ಚಿ, ತುಳಿಯದಿದ್ದರೂ ತಾನೇ ಉರುಳುವ ಫ್ರೀವೀಲಿನ ಹೊಸ ಗಾಲಿ ಹಾಕಿ, ಫಳಫಳ ಹೊಳೆಯುವ ಬ್ರೇಕು ಕೂರಿಸಿದರಂತೆ. ಇನ್ನು ಕಾಲಿಗೆ ಆರಾಮ ಎಂದರಂತೆ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ? ಮದುವೆಯ ಬೆಳಿಗ್ಗೆ, ಜಿಟಿಜಿಟಿ ಮಳೆಯಲ್ಲಿ, ಅಜ್ಜ ಅದನ್ನೇ ಹತ್ತಿ ಹೊರಟನಂತೆ.

ಇಳಿಜಾರು ಶುರುವಾದ ಕೂಡಲೇ ಅಜ್ಜ ಕಾಲು ಬಿಗಿಹಿಡಿದ. ಗಾಲಿ ಕೇಳಲಿಲ್ಲ. ಬ್ರೇಕು ಹಿಡಿದ. ತೊಯ್ದ ಬ್ರೇಕು ಹಿಡಿಯಲಿಲ್ಲ. ಬೇರೆ ದಾರಿ ಕಾಣದೆ ಬೇಲಿಗೆ ನುಗ್ಗಿಸಿದನಂತೆ. ಒಂದು ಕಡೆಯ ಬಳೆಗಳೆಲ್ಲ ಪುಡಿಪುಡಿ. ಆ ಕಡೆ ಇದ್ದದ್ದರಲ್ಲಿ ಕಾಶವ್ವನ ಹಸಿರು ಬಳೆಗಳ ಕಟ್ಟೊಂದೇ ಉಳಿಯಿತಂತೆ. ಮಂದಿ ಓಡಿಬಂದು ನೋಡಿದರೆ ಅಜ್ಜ ಆ ಕಟ್ಟನ್ನು ಎದೆಗೆ ಅವುಚಿಕೊಂಡು ಅಳುತ್ತಿದ್ದನಂತೆ. ನಡೆದು ಹೋದರೆ ಮುಹೂರ್ತ ತಪ್ಪುತ್ತದೆ. ಕೊಟ್ಟ ಮಾತೂ ತಪ್ಪುತ್ತದೆ.

"ನನ್ನ ಹಳೀ ಗಾಲಿ ತರ್ರೋ!" ಎಂದನಂತೆ.

ಉಪಕಾರ ಮಾಡಿದವರೇ ಓಡಿಹೋಗಿ ತಂದು, ತಲೆ ತಗ್ಗಿಸಿ ಜೋಡಿಸಿದರಂತೆ. ಅಜ್ಜ ಹತ್ತಿದ. ಗಾಲಿ ಮುಂದಕ್ಕೆ ಎಳೆದರೆ ಕಾಲು ಹಿಂದಕ್ಕೆ ಒತ್ತಿತು. ತುಂಬಿದ ಕೊಡ ಹೊತ್ತವಳು ಮೆಟ್ಟಿಲು ಇಳಿದ ಹಾಗೆ ಸೈಕಲ್ ಇಳಿಯಿತಂತೆ. ಕಾಲಿಗೆ ಕೆಲಸ ಸಿಕ್ಕಿದ್ದೇ ತಡ, ಅಜ್ಜನ ಮುಖದಲ್ಲಿ ನಗು ಬಂತಂತೆ.

ಕೆಳಗೆ ವಾಲಗದವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದರಂತೆ. ಆಗ ಕೇಳಿಸಿತು, ಝಣ್ ಝಣ್. ಹಸೆಯ ಮೇಲೆ ಕೂತಿದ್ದ ಕಾಶವ್ವ ಎದ್ದೇಬಿಟ್ಟಳಂತೆ. "ನಮ್ಮಪ್ಪ ಬಂದ!" ಎಂದಳಂತೆ. ಅವಳ ಕಟ್ಟಿನಲ್ಲಿ ಒಂದು ಬಳೆಯೂ ಒಡೆದಿರಲಿಲ್ಲವಂತೆ. ಮಳೆಯೂ ನಿಂತುಬಿಟ್ಟಿತೆಂದು ಕೆಲವರು ಹೇಳುತ್ತಾರೆ. ಅದನ್ನು ನಾನು ನಂಬುವುದಿಲ್ಲ. ಮಳೆ ಬರುತ್ತಲೇ ಇತ್ತು, ಅವಳು ಕೈ ನೀಡಿದಳು, ಅಜ್ಜ ತೊದಲುತ್ತ ಹರಸುತ್ತ ಬಳೆ ತೊಡಿಸಿದ.

ಈಗ ಎಲ್ಲರ ಸೈಕಲ್ಲಿಗೂ ಫ್ರೀವೀಲ್ ಇದೆ. ಆದರೂ ಆ ಇಳಿಜಾರಿನಲ್ಲಿ ಯಾರೂ ಕಾಲು ನಿಲ್ಲಿಸುವುದಿಲ್ಲ. ತುಳಿದರೂ ಉಪಯೋಗವಿಲ್ಲ, ಬರೀ ಗಾಳಿ ತುಳಿದ ಹಾಗೆ, ಆದರೂ ತುಳಿಯುತ್ತಾರೆ. ಹೊಸಬ ಯಾರಾದರೂ ಆರಾಮಾಗಿ ಕೂತು ಇಳಿದರೆ, ಬದಿಯ ಹೊಲದಲ್ಲಿ ಕಳೆ ಕೀಳುವ ಹೆಂಗಸರು ಹಸಿರು ಬಳೆಯ ಕೈಯೆತ್ತಿ ಕೂಗುತ್ತಾರೆ:

"ತುಳಿಯೋ ತಮ್ಮಾ, ಹಿಂದ ಬಳಿ ಅದಾವ!"